‘ಅದು ಯಾವುದರ ಬಗ್ಗೆ?’: ಮೂರು ತೆಳು ಪುಸ್ತಕಗಳು, ಮೂರು ಅಡುಗೆಮನೆಗಳು

ಯಾರಿಗಾದರೂ ಒಂದು ಪುಸ್ತಕ ಓದಿ ಎಂದು ಹೇಳಿದರೆ ತಕ್ಷಣ ಬರುವ ಪ್ರಶ್ನೆ, ‘ಅದು ಯಾವುದರ ಬಗ್ಗೆ?’ ಸಂಶೋಧನೆ ಮಾಡುವ ನಮ್ಮಂಥವರ ಬಳಿ ಇದಕ್ಕೆ ಸಿದ್ಧ ಉತ್ತರಗಳಿರುತ್ತವೆ. ದಲಿತ ಸಂವೇದನೆ, ಸ್ತ್ರೀ ಸಂವೇದನೆ, ಜಾಗತೀಕರಣ ಮತ್ತು ಮಧ್ಯಮ ವರ್ಗ. ಮಹಾಪ್ರಬಂಧದ ಶೀರ್ಷಿಕೆಗೆ ಇವು ಬೇಕು, ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಗೂ ಬೇಕು. ಗ್ರಂಥಾಲಯದ ಕಪಾಟಿಗೆ ಅಂಟಿಸುವ ಚೀಟಿಯ ಹಾಗೆ ಅವು ಪುಸ್ತಕ ಎಲ್ಲಿದೆ ಎಂದು ತೋರಿಸುತ್ತವೆ. ಅದನ್ನು ಬಿಡಿಸಿ ಕೂತವರಿಗೆ ಒಳಗೆ ಏನು ಸಿಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೆಲವೊಮ್ಮೆ ಓದಲೇಬೇಕಾದವರನ್ನೇ ಪುಸ್ತಕದಿಂದ ದೂರ ಇಡುತ್ತವೆ.

ಕಿರುಕಾದಂಬರಿಗಳ ಮೇಲೆ ಒಂದು ಅಧ್ಯಾಯ ಬರೆಯಬೇಕಾಗಿದ್ದರಿಂದ ಈಚೆಗೆ ಮೂರು ತೆಳು ಪುಸ್ತಕಗಳನ್ನು ಬೆನ್ನು ಬೆನ್ನಿಗೆ ಓದಿದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’, ದೇವನೂರ ಮಹಾದೇವ ಅವರ ‘ಒಡಲಾಳ’, ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’. ಮೂರನ್ನೂ ಹಿಂದೆ ಬಿಡಿಬಿಡಿಯಾಗಿ ಓದಿದ್ದೆ. ಒಂದೊಂದಕ್ಕೂ ಒಂದೆರಡು ಸಂಜೆ ಸಾಕು. ನಮ್ಮ ಪಠ್ಯಕ್ರಮಗಳಲ್ಲಿ ಇವು ಒಂದೇ ಘಟಕದಲ್ಲಿ ಬರುವ ಸಾಧ್ಯತೆ ಕಡಿಮೆ. ಮೊದಲನೆಯದು ‘ಮಹಿಳಾ ಸಾಹಿತ್ಯ’ಕ್ಕೆ, ಎರಡನೆಯದು ‘ದಲಿತ ಸಾಹಿತ್ಯ’ಕ್ಕೆ, ಮೂರನೆಯದು ‘ಸಮಕಾಲೀನ ಕಥನ’ಕ್ಕೆ ಸೇರಿಬಿಡುತ್ತವೆ. ಒಟ್ಟಿಗೆ ಓದಿದಾಗ ನನಗೆ ಕಂಡದ್ದು ಬೇರೆ. ಮೂರೂ ಕತೆಗಳು ಹೆಚ್ಚುಕಡಿಮೆ ಒಂದು ಮನೆಯೊಳಗೇ ನಡೆಯುತ್ತವೆ. ಆ ಮನೆಯಲ್ಲಿ ಯಾರು ಬೇಯಿಸುತ್ತಾರೆ, ಯಾರು ಉಣ್ಣುತ್ತಾರೆ, ಯಾರು ಹೊಸ್ತಿಲಾಚೆ ನಿಲ್ಲುತ್ತಾರೆ ಎಂಬುದರಲ್ಲೇ ಕತೆಯ ಜೀವ ಇದೆ. ಜತೆಗೆ ಇನ್ನೊಂದು ಪ್ರಶ್ನೆ: ಇದನ್ನೆಲ್ಲ ನಮಗೆ ಹೇಳುತ್ತಿರುವವರು ಆ ಮನೆಯಲ್ಲಿ ಎಲ್ಲಿ ಕೂತಿದ್ದಾರೆ?

‘ಫಣಿಯಮ್ಮ’ (1976) ಬಂದು ಅರ್ಧ ಶತಮಾನವಾಯಿತು. ಮಲೆನಾಡಿನ ದೊಡ್ಡ ಕೂಡುಕುಟುಂಬದಲ್ಲಿ ಒಂಬತ್ತರ ವಯಸ್ಸಿಗೆ ಮದುವೆಯಾಗಿ, ಕೆಲವೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡು, ನೂರು ದಾಟಿ ಬದುಕಿದ ಹೆಂಗಸಿನ ಕತೆ. ಅದು ನಡೆದದ್ದು. ಫಣಿಯಮ್ಮ ಲೇಖಕಿಯ ಹಿರಿಯರ ಮನೆಯ ಜೀವ. ಅವಳು ಹೇಳಿಕೊಂಡದ್ದು ಲೇಖಕಿಯ ತಾಯಿಯ ಬಳಿ, ತಾಯಿ ಹೇಳಿದ್ದು ಮಗಳಿಗೆ. ಈ ಕೈಬದಲಾವಣೆ ಪುಸ್ತಕದ ದನಿಯಲ್ಲೇ ಕೇಳುತ್ತದೆ. ಹೆಂಗಸರು ಕೆಲಸ ಮಾಡುತ್ತ ಮಾಡುತ್ತ ಹೇಳುವ ಮಾತಿನಂತೆ ಕತೆ ಒಂದು ಮದುವೆಯಿಂದ ಇನ್ನೊಂದು ಬಾಣಂತನಕ್ಕೆ, ಅಲ್ಲಿಂದ ಒಂದು ಸಾವಿಗೆ ಸಾಗುತ್ತದೆ. ಪ್ರೇಮಾ ಕಾರಂತರ ಸಿನಿಮಾ (1983) ನೋಡಿ ಕತೆ ಗೊತ್ತು ಎಂದುಕೊಂಡವರೂ ಪುಸ್ತಕ ಓದಬೇಕು. ಈ ಹರಟೆಯ ಹರಿವು ಸಿಗುವುದು ಪುಸ್ತಕದಲ್ಲೇ.

ಫಣಿಯಮ್ಮನದು ಒಪ್ಪೊತ್ತಿನ ಊಟ. ಬೆಳಗಿನಿಂದ ರಾತ್ರಿಯವರೆಗೆ ಆ ಮನೆಯ ಎಷ್ಟೋ ಹೊಟ್ಟೆಗಳಿಗಾಗಿ ದುಡಿಯುವ ಕೈ ಅವಳದು. ತನ್ನ ಹೊಟ್ಟೆಯನ್ನು ಮಾತ್ರ ಅವಳು ವರ್ಷದಿಂದ ವರ್ಷಕ್ಕೆ ಚಿಕ್ಕದು ಮಾಡಿಕೊಳ್ಳುತ್ತ ಹೋಗುತ್ತಾಳೆ. ಶಾಸ್ತ್ರ ಅವಳಿಂದ ಕಸಿದುಕೊಂಡದ್ದೇ ಕಾಲಕ್ರಮದಲ್ಲಿ ಅವಳ ಸ್ವಾತಂತ್ರ್ಯವಾಗುತ್ತದೆ. ಯಾರಿಂದಲೂ ಏನೂ ಬೇಡದವಳನ್ನು ಯಾರೂ ಹೆದರಿಸಲಾರರು. ಹಾಗಾಗಿಯೇ ಅವಳು ಮಡಿಯನ್ನು ಬದಿಗಿಟ್ಟು ಬೇರೆ ಜಾತಿಯ ಹೆಂಗಸಿನ ಕಷ್ಟದ ಹೆರಿಗೆಗೆ ಕೈ ನೀಡಬಲ್ಲಳು. ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರವಾಗಿ ನಿಲ್ಲಬಲ್ಲಳು. ಇಂದಿರಾ ಅವರ ಬರವಣಿಗೆಗೆ ‘ಜನಪ್ರಿಯ’ ಎಂಬ ಚೀಟಿ ಅಂಟಿಸಿ ಮುಂದೆ ಹೋಗುವವರು ಈ ಸೂಕ್ಷ್ಮವನ್ನು ನೋಡುವುದಿಲ್ಲ.

ತಕರಾರೂ ಇದೆ. ಲೇಖಕಿಗೆ ಫಣಿಯಮ್ಮನ ಮೇಲೆ ಎಷ್ಟು ಪ್ರೀತಿಯೆಂದರೆ ಅವಳ ಒಳ್ಳೆಯತನಕ್ಕೆ ಎಲ್ಲೂ ಗೀರು ಬೀಳಲು ಬಿಡುವುದಿಲ್ಲ. ಅವಳಿಗೆ ಒಮ್ಮೆಯಾದರೂ ಸಿಟ್ಟು ನೆತ್ತಿಗೇರಿರಬೇಕಲ್ಲ, ಹಬ್ಬದ ಅಡುಗೆಯ ಘಮಕ್ಕೆ ಬಾಯಲ್ಲಿ ನೀರೂರಿರಬೇಕಲ್ಲ ಎಂದು ಓದುವಾಗ ಅನ್ನಿಸುತ್ತದೆ. ಮೊಮ್ಮಕ್ಕಳು ಅಜ್ಜಿಯನ್ನು ನೋಡುವ ಭಕ್ತಿ ಅದು. ಕತೆ ಹೇಳುವವರು ಅಷ್ಟು ಹತ್ತಿರ, ಅಷ್ಟು ಕೆಳಗೆ ಕೂತಾಗ ಕೆಲವು ಕಾಣುತ್ತವೆ, ಕೆಲವು ಕಾಣುವುದಿಲ್ಲ.

‘ಒಡಲಾಳ’ದ ವಿಷಯಕ್ಕೆ ಬಂದರೆ ಚೀಟಿಯ ಅಪಾಯ ಇನ್ನೂ ಸ್ಪಷ್ಟ. ಇದು ದೇವನೂರರ ‘ದ್ಯಾವನೂರು’ (1973) ಮತ್ತು ‘ಕುಸುಮಬಾಲೆ’ (1984) ನಡುವೆ ಬಂದ ಕೃತಿ. ‘ದಲಿತರ ಹಸಿವಿನ ಬಗ್ಗೆ’ ಎಂದು ಇದನ್ನು ಪರಿಚಯಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹಾಸ್ಟೆಲಿನಲ್ಲಿ ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳಿಗೂ ತರಗತಿಯಲ್ಲಿ ಹಾಗೇ ಹೇಳಿದ್ದರಂತೆ. ಅವಳು ಪುಸ್ತಕ ಮುಟ್ಟಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಹಸಿವು ನಂಗೆ ಗೊತ್ತು ಅಕ್ಕಾ. ಅದನ್ನೂ ಓದಿ ತಿಳ್ಕೋಬೇಕಾ?” ಎಂದಳು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮುಗಿಸಿದವಳು ಅವಳು. ಆ ಮಾತಿಗೆ ವಿಮರ್ಶೆಯ ಪರಿಭಾಷೆಯಲ್ಲಿ ಉತ್ತರವಿಲ್ಲ. ಹಸಿವು ಗೊತ್ತಿಲ್ಲದವರಿಗೆ ಅದನ್ನು ಪರಿಚಯ ಮಾಡಿಕೊಡುವ ಪುಸ್ತಕ ಎಂದು ನಾವು ‘ಒಡಲಾಳ’ವನ್ನು ಸಾರಿದ್ದೇವೆ. ಅಂದರೆ ಓದುವವರೆಲ್ಲ ಹೊಟ್ಟೆ ತುಂಬಿದವರೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ.

ನಾನು ಅವಳಿಗೆ ಹೇಳಿದ್ದು ಇಷ್ಟೇ: ಸಾಕವ್ವ ಅಂತ ಒಬ್ಬಳು ಮುದುಕಿ ಇದ್ದಾಳೆ, ಅವಳ ಹುಂಜ ಕಳೆದುಹೋಗಿದೆ, ಅವಳು ಊರೆಲ್ಲ ಹುಡುಕುತ್ತಿದ್ದಾಳೆ. ಆ ಮನೆಯ ಪುಟ್ಟ ಹುಡುಗನನ್ನು ಎಲ್ಲರೂ ‘ದುಪ್ಟಿ ಕಮೀಷನರ್’ ಅಂತ ಕರೀತಾರೆ. ಅವಳು ನಕ್ಕಳು. ಎರಡು ದಿನ ಬಿಟ್ಟು ಅರ್ಧ ಓದಿದ ಪುಸ್ತಕ ಹಿಡಿದು ಬಂದು, “ಹುಂಜ ಸಿಗುತ್ತಾ?” ಎಂದು ಕೇಳಿದಳು. ನಾನು ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ಈ ಕತೆಯ ನಡುವೆ ಒಂದು ರಾತ್ರಿ ಇದೆ. ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆಯೊಂದು ಸಾಕವ್ವನ ಮನೆಗೆ ಬಂದುಬಿಟ್ಟಿದೆ. ಬೆಳಗಾದರೆ ಹುಡುಕಿಕೊಂಡು ಬರುತ್ತಾರೆ. ದಾರಿ ಒಂದೇ, ತಿಂದು ಮುಗಿಸುವುದು. ಹಗಲೆಲ್ಲ ಒಬ್ಬರಿಗೊಬ್ಬರು ಆಗದೆ ಕಾದಾಡಿದ ಮನೆಮಂದಿ ಒಲೆಯ ಸುತ್ತ ಕೂತು ಕಡಲೆಕಾಯಿ ಸುಲಿಯುತ್ತಾರೆ. ಮುನಿಸು ಕರಗುತ್ತದೆ, ಮಾತು ಬೆಳೆಯುತ್ತದೆ, ಮಕ್ಕಳಿಗೆ ಅದು ಹಬ್ಬ. ಕನ್ನಡದಲ್ಲಿ ಊಟದ ವರ್ಣನೆಗೆ ಬರವಿಲ್ಲ, ಕಾವ್ಯಗಳಲ್ಲಿ ಮದುವೆಯ ಭೋಜನಗಳೇ ಇವೆ. ಈ ಕಡಲೆಕಾಯಿಯ ರಾತ್ರಿಗೆ ಸಮನಾದ ಔತಣ ನನಗೆ ಬೇರೆ ಕಂಡಿಲ್ಲ. ಕಳ್ಳತನ, ಭಯ, ಸಂತೋಷ ಮೂರೂ ಒಂದೇ ತಟ್ಟೆಯಲ್ಲಿ ಇರುವುದರಿಂದ ಓದುವವರು ಯಾವುದನ್ನೂ ಬೇರೆ ಮಾಡಿ ತೆಗೆಯಲಾಗುವುದಿಲ್ಲ. ಬೆಳಗ್ಗೆ ಪೊಲೀಸರು ಬರುವ ಹೊತ್ತಿಗೆ ಆ ಮನೆಯಲ್ಲಿ ಉಳಿದಿರುವುದರಲ್ಲಿ ನಮ್ಮ ಕಣ್ಣು ಸೆಳೆಯುವುದು ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲು. ಅಂಥ ಮನೆಯಲ್ಲಿ ಒಬ್ಬ ಹುಡುಗಿ ಕೂತು ನವಿಲು ಬರೆಯುತ್ತಾಳೆ ಎಂಬುದನ್ನು ‘ಹಸಿವಿನ ಬಗ್ಗೆ’ ಎಂಬ ಮಾತಿನೊಳಗೆ ಎಲ್ಲಿ ತುರುಕುವುದು?

ಇಲ್ಲಿ ಕತೆ ಹೇಳುವವರು ಎಲ್ಲಿದ್ದಾರೆ? ಆ ಒಲೆಯ ಪಕ್ಕದಲ್ಲೇ ಎಂದು ನನ್ನ ಅನ್ನಿಸಿಕೆ. ಅವರು ಮರುಕಪಡುವುದಿಲ್ಲ, ವಿವರಣೆ ಕೊಡುವುದಿಲ್ಲ. ಸಾಕವ್ವನ ಬೈಗುಳ, ಮಕ್ಕಳ ಜಗಳ ಎಲ್ಲವನ್ನೂ ಇದ್ದ ಹಾಗೆ ಕೇಳಿಸುತ್ತಾರೆ. ಮಾತುಕತೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಇರುವುದರಿಂದ ಬೇರೆ ಕಡೆಯವರಿಗೆ ಮೊದಲ ಪುಟಗಳು ತುಸು ತೊಡಕು. ನಮ್ಮ ವಿಭಾಗದ ರಾಯಚೂರು ಕಡೆಯ ಗೆಳೆಯನೊಬ್ಬ ಇದಕ್ಕೆ ಸುಲಭದ ಉಪಾಯ ಕಂಡುಕೊಂಡ: ಗಟ್ಟಿಯಾಗಿ ಓದುವುದು. ಕಣ್ಣಿಗೆ ತೊಡಕಾದ ಪದ ಕಿವಿಗೆ ಬಿದ್ದಾಗ ಅರ್ಥ ಬಿಟ್ಟುಕೊಡುತ್ತದೆ. ಅರ್ಥವಾಗದ ಒಂದೆರಡು ಪದ ಉಳಿದರೂ ಸಾಕವ್ವ ಯಾರನ್ನು ಬೈಯುತ್ತಿದ್ದಾಳೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಈ ಎರಡು ಮನೆಗಳಿಂದ ‘ಘಾಚರ್ ಘೋಚರ್’ನ (2013) ಬೆಂಗಳೂರಿನ ಮನೆಗೆ ಬಂದರೆ ಹೊಟ್ಟೆ ತುಂಬಿದವರ ಲೋಕ. ಮೊದಲು ಅಪ್ಪನ ಸಂಬಳದಲ್ಲಿ ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದ, ಇರುವೆಗಳ ಜತೆ ಯುದ್ಧ ಮಾಡುತ್ತ ಪುಟ್ಟ ಮನೆಯಲ್ಲಿದ್ದ ಕುಟುಂಬ. ಚಿಕ್ಕಪ್ಪ ‘ಸೋನಾ ಮಸಾಲಾ’ ಎಂಬ ಉದ್ಯಮ ಶುರುಮಾಡಿದ ಮೇಲೆ ದೊಡ್ಡ ಮನೆಗೆ ಬರುತ್ತದೆ. ಬೇರೆಯವರ ಅಡುಗೆಗೆ ರುಚಿ ಮಾರಿ ಸಿರಿವಂತರಾದವರು ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು. ದುಡಿಯುವವನು ಚಿಕ್ಕಪ್ಪ. ಹಾಗಾಗಿ ಮನೆಯ ಒಲೆ ಉರಿಯುವುದು ಅವನ ಹೊತ್ತಿಗೆ, ಅವನ ನಾಲಿಗೆಗೆ. ಒಂದು ದಿನ ಹೆಂಗಸೊಬ್ಬಳು ಅವನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಅಮ್ಮ, ಅಕ್ಕ ಸೇರಿ ಅವಳನ್ನು ಬೈದು ಓಡಿಸುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ನಿರೂಪಕ ನೋಡುತ್ತ ನಿಂತಿರುತ್ತಾನೆ. ಇದು ಸರಿಯಲ್ಲ ಎಂದು ಹೇಳುವವಳು ಅವನ ಹೆಂಡತಿ ಅನಿತಾ ಒಬ್ಬಳೇ. ಚೆಲ್ಲಿಹೋದ ಆ ಬೇಳೆಯ ವಾಸನೆ ಪುಸ್ತಕದ ಕೊನೆಯವರೆಗೂ ಮೂಗಿನಲ್ಲಿ ಉಳಿಯುತ್ತದೆ.

ಈ ನಿರೂಪಕನಿಗೆ ಹೆಸರಿಲ್ಲ, ಹೇಳಿಕೊಳ್ಳುವಂಥ ಕೆಲಸವೂ ಇಲ್ಲ. ಕಾಫಿ ಹೌಸಿನಲ್ಲಿ ಕೂತು, ವಿನ್ಸೆಂಟ್ ಎಂಬ ಮಾಣಿಯ ಮಾತಿನಲ್ಲಿ ಮಹಾ ಅರ್ಥಗಳನ್ನು ಹುಡುಕುತ್ತ, ನಯವಾದ ದನಿಯಲ್ಲಿ ತನ್ನ ಮನೆಯ ಕತೆ ಹೇಳುತ್ತಾನೆ. ಅವನು ‘ನಾವು’ ಎಂದಾಗಲೆಲ್ಲ ಓದುವವರು ಎಚ್ಚರವಾಗಬೇಕು. ಆ ಪದದ ಒಳಗೆ ಯಾರಿದ್ದಾರೆ, ಯಾರನ್ನು ಹೊರಗಿಟ್ಟಿದ್ದಾರೆ ಎಂಬುದೇ ಈ ಪುಸ್ತಕದ ಕತೆ. ‘ಘಾಚರ್ ಘೋಚರ್’ ಎಂಬುದು ಅನಿತಾಳ ತವರಿನಲ್ಲಿ, ಗೋಜಲಾದ ಗಾಳಿಪಟದ ದಾರಕ್ಕೆ ಮಕ್ಕಳು ಇಟ್ಟ ಹೆಸರು, ಅರ್ಥವಿಲ್ಲದ ಪದ. ಅವಳು ಅದನ್ನು ಗಂಡನಿಗೆ ಕೊಟ್ಟಿದ್ದಾಳೆ. ಅವನು ಅದನ್ನು ಇಟ್ಟುಕೊಂಡು ಏನು ಮಾಡಿದ ಎಂಬುದಕ್ಕಾಗಿ ಕೊನೆಯ ಪುಟಗಳನ್ನು ಎರಡು ಸಲ ಓದಬೇಕಾಗುತ್ತದೆ.

ಗೆಳತಿಯೊಬ್ಬಳಿಗೆ ಈ ಪುಸ್ತಕದ ಮೇಲೆ ಸಿಟ್ಟಿದೆ. ಬಾಗಿಲಲ್ಲಿ ನಿಂತು ಬೈಯುವ ಕೆಲಸವನ್ನೆಲ್ಲ ಹೆಂಗಸರಿಗೇ ಹಚ್ಚಿದ್ದಾರೆ, ಗಂಡಸರು ಕೈತೊಳೆದುಕೊಂಡು ಕೂತಿದ್ದಾರೆ ಎನ್ನುತ್ತಾಳೆ. ಅವಳು ಗಮನಿಸಿದ್ದು ನಿಜ. ಆದರೆ ಹಾಗೆ ತೋರಿಸುತ್ತಿರುವವನು ಆ ಗಂಡಸರಲ್ಲೇ ಒಬ್ಬ. ಚಿಕ್ಕಪ್ಪ ಒಳಗೇ ಉಳಿದ ಕ್ಷಣವನ್ನೂ ತಾನು ಸುಮ್ಮನಿದ್ದ ಕ್ಷಣವನ್ನೂ ಅವನು ಬೇಗ ದಾಟಿಹೋಗಲು ನೋಡುತ್ತಾನೆ. ಅವನು ಅವಸರ ಮಾಡುವ ಜಾಗದಲ್ಲೆಲ್ಲ ನಿಂತು ನೋಡಿದರೆ ಲೇಖಕರು ಅವನ ಪರ ಇಲ್ಲ ಎಂಬುದು ಗೊತ್ತಾಗುತ್ತದೆ. ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ, ನೀವೂ ಓದಿ ಒಂದು ಪಕ್ಷ ಹಿಡಿಯಬಹುದು.

ಮೂರನ್ನೂ ಜತೆಗಿಟ್ಟರೆ ಒಂದು ಸಂಗತಿ ಕಾಡುತ್ತದೆ. ಸಾಕವ್ವನ ಮನೆಯಲ್ಲಿ ಏನೂ ಇಲ್ಲದಾಗ ಬಂದ ಒಂದು ಮೂಟೆ ಎಲ್ಲರನ್ನೂ ಒಲೆಯ ಸುತ್ತ ಕೂರಿಸುತ್ತದೆ. ಸೋನಾ ಮಸಾಲಾದ ಮನೆಯಲ್ಲಿ ಎಲ್ಲವೂ ಇದ್ದಾಗ ಬಂದ ಒಂದು ಪಾತ್ರೆ ಬೇಳೆಗೆ ಜಾಗವಿಲ್ಲ. ಫಣಿಯಮ್ಮನ ಮನೆಯಲ್ಲಿ ಎಲ್ಲರಿಗೂ ಇದೆ, ಬೇಯಿಸುವವಳಿಗೆ ಇಲ್ಲ. ಬಡವರು ಒಳ್ಳೆಯವರು, ಸಿರಿವಂತರು ಕೆಟ್ಟವರು ಎಂಬ ಲೆಕ್ಕ ಇದಲ್ಲ. ಸಾಕವ್ವನ ಮನೆಯ ಜಗಳ ಕೇಳಿದವರು ಹಾಗೆ ಹೇಳಲಾರರು. ಒಂದು ಮನೆ ತನ್ನನ್ನು ‘ನಾವು’ ಎಂದು ಕರೆದುಕೊಳ್ಳಲು ಯಾರ ಹೊಟ್ಟೆಯಿಂದ ಬೆಲೆ ತೆರುತ್ತದೆ ಎಂದು ಮೂವರೂ ಬೇರೆ ಬೇರೆ ಕಡೆ ಕೂತು ಕೇಳಿದ್ದಾರೆ. ವಿಷಯಾನುಸಾರ ಹಂಚಿದ ಪಠ್ಯಕ್ರಮದಲ್ಲಿ ಈ ಮೂವರು ಪರಸ್ಪರ ಭೇಟಿಯಾಗುವುದೇ ಇಲ್ಲ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ: ಕಾದಂಬರಿ ಓದುವ ರೂಢಿ ತಪ್ಪಿದ್ದರೆ ‘ಘಾಚರ್ ಘೋಚರ್’ ಮೊದಲು, ಅದು ತಾನಾಗಿ ಓದಿಸಿಕೊಳ್ಳುತ್ತದೆ. ಕನ್ನಡ ಓದಲು ಬಾರದ ಗೆಳೆಯರಿದ್ದರೆ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದವಿದೆ. ‘ಫಣಿಯಮ್ಮ’ನಿಗೆ ತೇಜಸ್ವಿನಿ ನಿರಂಜನ ಅವರ ಅನುವಾದವಿದೆ. ಮನೆಯಲ್ಲಿ ಅಮ್ಮ, ಅಜ್ಜಿ ಇದ್ದರೆ ‘ಫಣಿಯಮ್ಮ’ನನ್ನು ಅವರೊಂದಿಗೆ ಓದಿ, ಪುಸ್ತಕದಲ್ಲಿಲ್ಲದ ಕತೆಗಳು ಹೊರಬರುತ್ತವೆ. ‘ಒಡಲಾಳ’ವನ್ನು ಕೊನೆಗೆ, ಗಟ್ಟಿಯಾಗಿ, ಸಾಧ್ಯವಾದರೆ ನಾಲ್ಕು ಜನ ಕೂತು ಓದಿ.

ಮೂರೂ ಮುಗಿದ ಮೇಲೆ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕತೆಗೆ ಹೋಗಬಹುದು. ದೀಪಾ ಭಾಸ್ತಿ ಅವರ ಅನುವಾದದ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗಿನಿಂದ ಅದನ್ನೂ ‘ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ’ ಎಂಬ ಒಂದೇ ಸಾಲಿನಲ್ಲಿ ಪರಿಚಯಿಸುವುದು ನಡೆದಿದೆ. ಗಂಡನ ಮನೆಯಲ್ಲಿ ಇರಲಾರದೆ ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ತವರಿನವರು ಹೇಗೆ ಬರಮಾಡಿಕೊಂಡರು, ಆ ರಾತ್ರಿ ಅವಳ ಮಗಳು ಏನು ಮಾಡಿದಳು ಎಂಬುದನ್ನು ಮೂಲ ಕನ್ನಡದಲ್ಲೇ ಓದಿ. ಓದಿದ ಮೇಲೆ ಬೇರೆಯವರಿಗೆ ಹೇಳುವಾಗ ಮೆಹರುನ್‌ಳ ಮಗಳು ಸಲ್ಮಾಳ ಹೆಸರಿನಿಂದ ಶುರುಮಾಡಿ.