ಎಲೆಯೊಳಗೊಂದು ತುತ್ತು

ರೊಟ್ಟಿ ಇಲ್ಲದ ಊಟವನ್ನು ನಮ್ಮ ಕಡೆ ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಿಂಗಸುಗೂರಿನ ಮನೆಯಲ್ಲಿ ನಾನು ಕೋಸಿನ ಎಲೆ ಬಿಡಿಸಿ, ಅದರೊಳಗೆ ಮಡಿಕಿ ಕಾಳಿನ ಪಲ್ಯ ಇಟ್ಟು ಸುತ್ತುತ್ತಿದ್ದೆ. ದೊಡ್ಡವ್ವ ಒಲೆ ಮುಂದೆ ಕುಳಿತಲ್ಲಿಂದಲೇ ಕೇಳಿದಳು: “ಏನ್ ಮಾಡಾಕತ್ತೀಯೋ? ರೊಟ್ಟಿ ಮುಗದಾವೇನು?” ಬುಟ್ಟಿ ತುಂಬ ರೊಟ್ಟಿ ಇದ್ದವು. ಆ ದಿನ ಬಾಯಿ ಬೇಡಿದ್ದು ಮಾತ್ರ ಎಲೆಯನ್ನು.

ಹಾಗೆ ನೋಡಿದರೆ ಹಸಿ ಎಲೆ ನಮ್ಮ ತಾಟಿಗೆ ಹೊಸತಲ್ಲ. ಎರೆ ಹೊಲದಲ್ಲಿ ಬಿಳಿಜೋಳ ಏಳುವ ಚಳಿಗಾಲದಲ್ಲಿ ಸಾಲುಗಳ ನಡುವೆ ಯಾರೂ ಬಿತ್ತದ ಹಕ್ಕರಕಿ ನೆಲಕ್ಕಂಟಿ ಹಬ್ಬುತ್ತದೆ. ಜೊತೆಗೆ ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಮುಳ್ಳು ಬಲಿಯುವ ಮುಂಚಿನ ಕುಸುಬಿ ಸೊಪ್ಪು. ಇವಕ್ಕೆ ಒಲೆ ಬೇಕಿಲ್ಲ. ತೊಳೆದು, ನೀರು ಝಾಡಿಸಿ, ತಾಟಿನ ಅಂಚಿಗೆ ಒಂದು ಹಿಡಿ ಇಟ್ಟರೆ ಆಯಿತು. ಶೇಂಗಾ ಹಿಂಡಿಯ ಖಾರ ನಾಲಿಗೆಗೆ ಹತ್ತುವ ಹೊತ್ತಿಗೆ ಹಕ್ಕರಕಿಯ ಸಣ್ಣ ಕಹಿ ಬಂದು ಅದನ್ನು ತಣಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ, ನಿಂತ ನೀರಿನಲ್ಲಿ ಈ ಸೊಪ್ಪಿಗೆ ನೆಲೆಯಿಲ್ಲ. ಅದನ್ನು ಹುಡುಕಬೇಕಾದದ್ದು ಮಸ್ಕಿ, ಲಿಂಗಸುಗೂರು ಕಡೆಯ ಮಳೆ ನಂಬಿದ ಹೊಲಗಳಲ್ಲಿ. ಆದರೆ ಇಲ್ಲೆಲ್ಲ ರೊಟ್ಟಿ ಹೊರಗೆ, ಎಲೆ ಒಳಗೆ. ನಾನು ಮಾಡಹೊರಟಿದ್ದು ಇದರ ತಿರುವು ಮುರುವು.

ಮೊದಲ ಸಲ ಸೋತೆ. ಎಲೆ ಮಡಚಿದಲ್ಲಿ ಲಟಕ್ಕನೆ ಮುರಿಯಿತು, ಪಲ್ಯದ ರಸ ಮೊಣಕೈವರೆಗೆ ಇಳಿಯಿತು. ಆಗಲೇ ತಿಳಿದಿದ್ದು: ರೊಟ್ಟಿ ರಸ ಕುಡಿಯುತ್ತದೆ, ಎಲೆ ಕುಡಿಯುವುದಿಲ್ಲ. ಎಣ್ಣೆಗಾಯಿಯ ಗಸಿಯನ್ನು ಜೋಳದ ರೊಟ್ಟಿ ಮೈಗೆಲ್ಲ ಹೀರಿಕೊಂಡು ಮೆತ್ತಗಾಗುತ್ತದೆ. ಎಲೆ ಅದನ್ನು ಅಂಗೈಗೆ ಸುರಿದು ಸುಮ್ಮನಾಗುತ್ತದೆ.

ದೊಡ್ಡವ್ವ ನಗಲಿಲ್ಲ. ಊಟವಾದ ಮೇಲೆ ಸಂಚಿ ಬಿಚ್ಚಿ, ಒಂದು ವೀಳ್ಯದೆಲೆ ತೆಗೆದು ಸೆರಗಿಗೆ ಒರೆಸಿದಳು. ತೊಟ್ಟು ಚಿವುಟಿದಳು, ತುದಿ ಚಿವುಟಿದಳು. ಎಲೆಯನ್ನು ಬೆನ್ನು ಮೇಲಾಗಿ ತಿರುವಿ, ಹೆಬ್ಬೆರಳ ಉಗುರಿನಿಂದ ನಡುವಿನ ನರವನ್ನು ಸರ್ರನೆ ಕೆರೆದಳು. ಅಲ್ಲಿಗೆ ಕಾಳಿನಷ್ಟು ಸುಣ್ಣ, ಎರಡು ಹೋಳು ಅಡಿಕೆ. ಒಂದು ಮಗ್ಗುಲಿಂದ, ಇನ್ನೊಂದು ಮಗ್ಗುಲಿಂದ ಮಡಚಿದಳು. ಎಲೆ ಬಟ್ಟೆಯಂತೆ ಬಾಗಿತು. “ನರ ತಗೀಲಾರದ ಎಲಿ ಮಾತು ಕೇಳಂಗಿಲ್ಲಪ್ಪಾ” ಎಂದು ಬಾಯಿಗಿಟ್ಟುಕೊಂಡಳು.

ಎಲೆ ಸುತ್ತುವ ವಿದ್ಯೆಯೆಲ್ಲ ಅವಳ ಸಂಚಿಯಲ್ಲೇ ಇತ್ತು. ಮರುದಿನ ಕೋಸಿನ ಬುಡದ ದಿಂಡು ಕೊರೆದು, ಎಲೆಗಳನ್ನು ಹರಿಯದಂತೆ ಬಿಡಿಸಿದೆ. ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಸಮ ಕೆತ್ತಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದೆ. ಹೊಳಪು ಏರಿತು, ಬಿಗುಮಾನ ಇಳಿಯಿತು. ತಳಕ್ಕೆ ಒಂದು ಚಮಚ ಶೇಂಗಾ ಹಿಂಡಿ ಹರಡಿದೆ. ರಸ ಕುಡಿಯುವ ಕೆಲಸ ಇನ್ನು ಅದರದ್ದು. ಮೇಲೆ ಒಣಗಿಸಿ ಹುರಿದ ಮಡಿಕಿ ಕಾಳು, ಜವಾರಿ ಸವತಿಕಾಯಿಯ ಸಣ್ಣ ಹೋಳು, ಹಸಿ ಉಳ್ಳಾಗಡ್ಡಿ. ಕಚ್ಚಿದರೆ ಮೊದಲು ಎಲೆಯ ಕರಕರ, ಅದರ ತಣ್ಣನೆಯ ಸಿಹಿ. ಆಮೇಲೆ ಕಾಳಿನ ಬಿಸಿ. ಕೊನೆಗೆ ಹಿಂಡಿಯ ಬೆಳ್ಳುಳ್ಳಿ ಖಾರ ಗಂಟಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಸಿಂಧನೂರಿಗೆ ಹೋದರೆ ಎಲೆಯ ಇನ್ನೊಂದು ಪಾಠವಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಅಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಬಂಗಾಳಿ ಅಡುಗೆಯಲ್ಲಿ ಕುಂಬಳದ ಎಲೆ, ಸೋರೆಯ ಎಲೆ ಪೊಟ್ಟಣವೂ ಹೌದು, ಊಟವೂ ಹೌದು. ದಂಟಿನ ನಾರು ಎಳೆದು, ಸುಂಕು ಸಾಯುವಂತೆ ಬಿಸಿನೀರು ಕಾಣಿಸಿ, ನಡುವೆ ಮೀನು, ಅರೆದ ಸಾಸಿವೆ, ತೆಂಗಿನ ತುರಿ, ಹಸಿಮೆಣಸಿನಕಾಯಿ ಇಟ್ಟು ಮಡಚಿ ದಾರ ಕಟ್ಟುತ್ತಾರೆ. ಮೀನಿನ ಜಾಗದಲ್ಲಿ ಛೇನಾ ಇಟ್ಟರೆ ಸಸ್ಯಾಹಾರಿಗೂ ಸಲ್ಲುತ್ತದೆ. ಸಣ್ಣ ಉರಿಯಲ್ಲಿ ಬೆಂದು ದಾರ ಬಿಚ್ಚಿದಾಗ ಸಾಸಿವೆಯ ಘಾಟು ಮೂಗಿನ ನೆತ್ತಿಗೆ ಏರುತ್ತದೆ. ಆ ಪೊಟ್ಟಣವನ್ನು ಎಲೆಸಮೇತ ಬಿಸಿ ಅನ್ನಕ್ಕೆ ಮುರಿದುಕೊಳ್ಳಬೇಕು. ಅನ್ನಕ್ಕಂತೂ ಸಿಂಧನೂರಿನಲ್ಲಿ ಬರವಿಲ್ಲ. ನಮ್ಮ ಹೊಲದ ಬದುವಿನಲ್ಲಿ ಕುಂಬಳದ ಬಳ್ಳಿ ಎಷ್ಟೋ ವರ್ಷದಿಂದ ಹಬ್ಬಿದೆ. ನಾವು ಕಾಯಿ ಕೊಯ್ದೆವು, ಎಲೆಯನ್ನು ಎಮ್ಮೆಗೆ ಬಿಟ್ಟೆವು.

ಇಂಥ ತುತ್ತನ್ನು ಈಗ ‘ರ‍್ಯಾಪ್’ ಅನ್ನುತ್ತಾರೆ, ‘ರೊಟ್ಟಿಗೆ ಬದಲಿ’ ಎಂದೂ ಸೇರಿಸುತ್ತಾರೆ. ಆಗ ನನಗೆ ಮಸ್ಕಿಯ ಬಂಡೆ ನೆನಪಾಗುತ್ತದೆ. ದೇಶದ ಹತ್ತಾರು ಕಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳನ್ನು ಓದಿದವರಿಗೆ ಆ ಅರಸು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬರಹ. ಎಲೆಗೂ ಅಷ್ಟೇ, ಬಿರುದಿಗಿಂತ ಹೆಸರು ಚೆನ್ನ. ವೀಳ್ಯದೆಲೆಗೆ ಅದರದೇ ಖಾರ, ಕುಂಬಳದ ಎಲೆಗೆ ಮಣ್ಣಿನ ಗಂಧ, ಕೋಸಿಗೆ ನೀರಿನ ಸಿಹಿ. ರೊಟ್ಟಿ ದೊಡ್ಡದು, ಪಲ್ಯ ಮಾತಾಡುವಾಗ ತಾನು ಸುಮ್ಮನಿರುತ್ತದೆ. ಎಲೆಗೆ ಆ ಸೈರಣೆ ಇಲ್ಲ, ನಡುವೆ ಬಾಯಿ ಹಾಕುತ್ತದೆ. ಎಲೆಯೊಳಗೆ ಏನಿಡಬೇಕೆಂಬುದನ್ನು ಎಲೆಯನ್ನೇ ಕೇಳಬೇಕು.

ಇಷ್ಟನ್ನೂ ದೊಡ್ಡವ್ವನಿಗೆ ವಿವರಿಸಿ, ತಾಟಿನಲ್ಲಿ ಎರಡು ಸುರುಳಿ ಇಟ್ಟು ಮುಂದೆ ಸರಿಸಿದೆ. ಅವಳು ಒಂದನ್ನು ಎತ್ತಿ ತಿರುಗಿಸಿ ನೋಡಿದಳು, ಒಂದು ಕಡಿ ಕಡಿದಳು. “ಚೊಲೊ ಐತಿ” ಎಂದಳು.

ಆಮೇಲೆ ಬುಟ್ಟಿಗೆ ಕೈ ಹಾಕಿ, ರೊಟ್ಟಿ ಮುರಿದು, ಉಳಿದ ಸುರುಳಿಯನ್ನು ಅದಕ್ಕೆ ಹಚ್ಚಿಕೊಂಡು ತಿಂದಳು.