ಬಿಯರ್ ಕುಡಿಯೋಕೆ ಕಾರು ಯಾಕೆ?

ಕ್ರಾಫ್ಟ್ ಬಿಯರ್ ರೋಡ್ ಟ್ರಿಪ್ ಅನ್ನೋ ಕಲ್ಪನೆಯಲ್ಲೇ ಒಂದು ತಕರಾರಿದೆ. ರೋಡು ಅಂದಮೇಲೆ ಡ್ರೈವರ್ ಬೇಕು, ಡ್ರೈವರ್ ಆದವನು ಕುಡಿಯೋ ಹಾಗಿಲ್ಲ. ಜರ್ಮನಿಯ ಫ್ರಾಂಕೋನಿಯಾದಲ್ಲಿ ನಾವು ನಾಲ್ವರು ಮೂರು ದಿನ ಸುತ್ತಿದೆವು. ಸ್ಟೀರಿಂಗ್ ದಿನಕ್ಕೊಬ್ಬರ ಪಾಲು, ಆ ದಿನ ಅವರಿಗೆ ಸೇಬಿನ ಜ್ಯೂಸು. ನಾಲ್ಕನೆಯವನು ಲೈಸೆನ್ಸ್ ಇಲ್ಲ ಅಂತ ಬಚಾವಾದ.

ಬಾಂಬೆರ್ಗ್‌ನ ಶ್ಲೆಂಕರ್ಲಾದ ಹೊಗೆ ಬಿಯರ್ ಬಗ್ಗೆ ಜನ ಬರೆಯೋದೆಲ್ಲ ಮೊದಲ ಗುಟುಕಿನ ಬಗ್ಗೆ. ಹೌದು, ಮೊದಲ ಗುಟುಕಿಗೆ ಅಜ್ಜಿಮನೆ ಬಚ್ಚಲೊಲೆ ನೆನಪಾಗುತ್ತೆ. ಈಗ ಬಹುತೇಕ ಕಡೆ ಮಾಲ್ಟ್ ಒಣಗೋದು ಬಿಸಿಗಾಳಿಯಲ್ಲಿ, ಹೊಗೆ ಕಾಳಿಗೆ ತಾಗೋದೇ ಇಲ್ಲ. ಇವರು, ಮತ್ತು ಇದೇ ಊರಿನ ಶ್ಪೆಟ್ಸಿಯಾಲ್‌ನವರು, ಬೀಚ್ ಮರದ ಸೌದೆ ಉರಿಸಿ ಒಣಗಿಸೋ ಹಳೇ ಕ್ರಮ ಬಿಟ್ಟಿಲ್ಲ. ಎರಡನೇ ಗ್ಲಾಸು ಅರ್ಧ ಆಗೋ ಹೊತ್ತಿಗೆ ಮೂಗು ಹೊಗೆಗೆ ಒಗ್ಗಿ ಸುಮ್ಮನಾಗುತ್ತೆ. ಅಲ್ಲಿಯವರೆಗೆ ಅಡಗಿದ್ದ ಮಾಲ್ಟಿನ ಸಿಹಿ ಆಗ ಮೇಲೆ ಬರುತ್ತೆ. ಮರದ ಪೀಪಾಯಿಯಿಂದ ನೇರ ಇಳಿಸಿದ್ದಾದ್ದರಿಂದ ಗ್ಯಾಸೂ ಹೆಚ್ಚಿರಲ್ಲ, ಹೊಟ್ಟೆ ಉಬ್ಬಲ್ಲ. ನಮ್ಮ ಬ್ರೂಪಬ್‌ಗಳಲ್ಲಿ ಆರು ಪುಟ್ಟ ಲೋಟಗಳನ್ನು ಹಲಗೆ ಮೇಲೆ ಜೋಡಿಸಿ ಕೊಡ್ತಾರಲ್ಲ, ಆ ಸ್ಯಾಂಪ್ಲರ್‌ನಲ್ಲಿ ಈ ಬಿಯರ್ ಖಂಡಿತ ಫೇಲ್. ಅದು ಬಿಯರ್‌ನ ತಪ್ಪಲ್ಲ. ಸ್ಯಾಂಪ್ಲರ್ ಅಳೆಯೋದು ರುಚಿಯನ್ನಲ್ಲ, ಮೊದಲ ಇಂಪ್ರೆಷನ್ನನ್ನು.

ಜೊತೆಗೆ ಶಾಯ್ಫರ್ಲಾ. ಹಂದಿಯ ಭುಜದ ಮಾಂಸ, ಮೇಲೆ ಚಕ್ಕುಲಿಯಷ್ಟು ಗರಿಗರಿ ಚರ್ಮ, ಒಳಗೆ ಪುಟ್ಟ ಸಲಿಕೆಯಂಥ ಮೂಳೆ. ಹೆಸರು ಬಂದಿದ್ದೇ ಅದರಿಂದ. ಪಕ್ಕದಲ್ಲಿ ಕ್ಲೋಸ್, ಅಂದ್ರೆ ಆಲೂಗಡ್ಡೆ ಮುದ್ದೆ, ನಡುವೆ ಹುರಿದ ಬ್ರೆಡ್ ಚೂರು. ಮುದ್ದೆ ಉಂಡು ಬೆಳೆದವರಿಗೆ ಅದು ಅಂಟು ಅಂಟು ಅನ್ನಿಸಬಹುದು, ಆದರೆ ಆ ಗ್ರೇವಿ ಹೀರಿಕೊಳ್ಳೋಕೆ ಅದಕ್ಕಿಂತ ಒಳ್ಳೇದು ಇಲ್ಲ. ನಮ್ಮ ಸಸ್ಯಾಹಾರಿ ಗೆಳತಿಗೆ ಸಿಕ್ಕಿದ್ದು ಗೆರುಪ್ಫ್‌ಟರ್: ಚೀಸು, ಬೆಣ್ಣೆ, ಈರುಳ್ಳಿ ಕಲಸಿದ್ದು. ಮೂರು ದಿನ ಹೆಚ್ಚೂಕಮ್ಮಿ ಅದೇ. ಈ ಪ್ರಾಂತ್ಯದ ಅಡುಗೆಗೆ ನಾನು ಕೊಡೋ ಮಾರ್ಕ್ಸ್ ಅಲ್ಲೇ ಕಮ್ಮಿಯಾಗೋದು.

ಅವಳನ್ನು ಕಾಪಾಡಿದ್ದು ಬಿಯರ್ ಗಾರ್ಡನ್ನು. ಫೋರ್ಖೈಮ್‌ನಲ್ಲಿ ಬಿಯರ್ ತಂಪಾಗಿಡೋಕೆ ಹಿಂದಿನವರು ಗುಡ್ಡ ಕೊರೆದು ನೆಲಮಾಳಿಗೆ ಮಾಡಿದ್ರು. ಜನ ಕೂತು ಕುಡಿಯೋದು ಅದರ ಮೇಲಿನ ಮರಗಳ ನೆರಳಲ್ಲಿ. ಹಾಗಾಗಿ ಇಲ್ಲಿ 'ಸೆಲ್ಲರ್ ಮೇಲಕ್ಕೆ' ಹೋಗ್ತಾರೆ, ಒಳಕ್ಕಲ್ಲ. ಊಟ ಮನೆಯಿಂದ ತಂದ್ರೂ ನಡೆಯುತ್ತೆ. ಎರ್ಲಾಂಗನ್‌ನಲ್ಲಿರೋ ಸ್ನೇಹಿತರ ಮನೆಯಿಂದ ಕಟ್ಟಿಸಿಕೊಂಡ ಚಿತ್ರಾನ್ನ ಬಿಚ್ಚಿದ್ವಿ. ಸೋಸದ, ಮಬ್ಬು ಕೆಲ್ಲರ್‌ಬಿಯರ್‌ಗೂ ನಿಂಬೆ-ಒಗ್ಗರಣೆಗೂ ಎಂಥಾ ಹೊಂದಾಣಿಕೆ ಅಂತೀರಿ!

ನನಗೆ ಹೊಟ್ಟೆ ಉರಿದಿದ್ದು ಅಲ್ಲೇ. ಬೆಂಗಳೂರಿನಲ್ಲಿ ಒಳ್ಳೇ ಬಿಯರ್ ಮಾಡೋರಿದ್ದಾರೆ, ಮಾವಿನ ಕಾಲಕ್ಕೆ ಮಾವಿನ ಬಿಯರ್ರೂ ಬರುತ್ತೆ. ಆದರೆ ಮೆನು ತಿರುಗಿಸಿ: ನಾಚೋಸು, ಪೆರಿಪೆರಿ ಫ್ರೈಸು. ಹಾಪ್ಸ್ ಹೊರದೇಶದ್ದು, ಸರಿ; ಕೋಡುಬಳೆಗೇನು ಕಸ್ಟಮ್ಸ್ ಡ್ಯೂಟಿನಾ? 'ಕ್ರಾಫ್ಟ್' ಅಂತ ಬೋರ್ಡ್ ಹಾಕಿಕೊಂಡಾಗ ನಾನು ಕೇಳೋದು ಇಷ್ಟೇ, ಇದು ಯಾವ ಊರಿನ ಕ್ರಾಫ್ಟು? ಫ್ರಾಂಕೋನಿಯಾದ ಹಳ್ಳಿ ಬ್ರೂವರಿಗಳಲ್ಲಿ ಆ ಪದವೇ ನಮಗೆ ಕಾಣಲಿಲ್ಲ. ಹೆಚ್ಚಿನವು ಎರಡೋ ಮೂರೋ ಥರ ಮಾಡ್ತಾರೆ, ಅರ್ಧ ಲೀಟರ್ ಕೊಡ್ತಾರೆ, ಮುಗೀತು.

ಇನ್ನು ಔಫ್ಸೆಸ್. ಸುಮಾರು 1500 ಜನರ ಊರಿಗೆ ನಾಲ್ಕು ಬ್ರೂವರಿ ಅಂತ 2000ದಲ್ಲಿ ಗಿನ್ನೆಸ್ ದಾಖಲೆಗೆ ಸೇರಿತ್ತು. ದಾಖಲೆಗಿಂತ ನನಗೆ ಹಿಡಿಸಿದ್ದು ಅವನ್ನೆಲ್ಲ ಬೆಸೆಯೋ ಸುಮಾರು 14 ಕಿ.ಮೀ. ಕಾಲುಹಾದಿ. ಒಂದರಿಂದ ಇನ್ನೊಂದಕ್ಕೆ ನಡೀಬೇಕು. ನಡೆದ್ರೆ ಹಸಿವೂ ಆಗುತ್ತೆ, ಕುಡಿದದ್ದೂ ಸ್ವಲ್ಪ ನಿಧಾನ ಆಗುತ್ತೆ, ಜ್ಯೂಸು ಹಿಡಿದು ಮುಖ ಸಣ್ಣ ಮಾಡಿಕೊಂಡು ಯಾರೂ ಕೂರಬೇಕಿಲ್ಲ.

ನಾಲ್ಕನೇ ದಿನ ಕಾರು ವಾಪಸ್ ಕೊಟ್ಟು ಮಾರ್ಸ್ ಬ್ರಾಯ್‌ಗೆ ನಡೆದುಕೊಂಡೇ ಹೋದ್ವಿ. ಅಲ್ಲಿ ಆರ್ಡರ್ ಮಾಡೋಕೆ ಜರ್ಮನ್ ಬರಬೇಕಿಲ್ಲ. 'ಅ ಊ' ಅಂದ್ರೆ ಸಾಕು, ಸೋಸದ ಬಿಯರ್ ಬರುತ್ತೆ. ನಾಲ್ಕು ಸಲ ಅಂದ್ವಿ, ನಾಲ್ವರೂ.