ಆಟವೂ ಅರ್ಥವೂ: ಕೆಲವು ಗಣಕಕ್ರೀಡೆಗಳ ಪರಾಮರ್ಶೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲೂಕುಗಳ ಸೀಮೆಯಲ್ಲಿ ‘ಆಟ’ವೆಂಬ ಶಬ್ದಕ್ಕೆ ಮೊದಲು ತೋರುವ ಅರ್ಥವು ಯಕ್ಷಗಾನ ಬಯಲಾಟವೇ ಹೊರತು ಮಕ್ಕಳ ಕ್ರೀಡೆಯಲ್ಲ. ‘ನಾಳೆ ಆಟ ಉಂಟು’ ಎಂದೊಡನೆ ಯಾವ ಮೇಳ, ಯಾವ ಪ್ರಸಂಗ, ಯಾರ ಭಾಗವತಿಕೆ ಎಂಬ ಪ್ರಶ್ನೆಗಳು ಹೊರಡುವುವಲ್ಲದೆ ಚೆಂಡನ್ನಾಗಲಿ ಪಗಡೆಯನ್ನಾಗಲಿ ಯಾರೂ ನೆನೆಯರು. ವೇಷ ಕಟ್ಟದೆ ಕುಳಿತು, ಮಾತಿನಿಂದಲೇ ಪ್ರಸಂಗವನ್ನು ನಡೆಯಿಸುವ ತಾಳಮದ್ದಳೆಗೆ ‘ಕೂಟ’ವೆಂದು ಹೆಸರು. ಈಗಿನ ತರುಣರು ‘ಗೇಮು’ ಎಂದು ಕರೆಯುವ, ಗಣಕಯಂತ್ರದಲ್ಲಿಯೂ ಕೈಯೊಳಗಿನ ಮೊಬೈಲ್ ಫೋನಿನಲ್ಲಿಯೂ ನಡೆಯತಕ್ಕ ಕ್ರೀಡೆಗಳಿಗೂ ಕನ್ನಡದಲ್ಲಿ ಆಟವೆಂಬುದೇ ಹೆಸರಾದುದರಿಂದ, ಒಂದು ಶಬ್ದದೊಳಗೆ ಎರಡು ವಸ್ತುಗಳು ಸೇರಿಕೊಂಡಂತಾಯಿತು. ಬೆಳಗಿನ ಜಾವದ ತನಕ ಬಯಲಿನಲ್ಲಿ ನಿದ್ದೆಗೆಟ್ಟವನು ರಸಿಕನು. ಬೆಳಗಿನ ಜಾವದ ತನಕ ಫೋನು ಹಿಡಿದವನು ವ್ಯಸನಿ. ಹಿರಿಯರ ಈ ನಿರ್ಣಯವು ವಸ್ತುವಿನ ಗುಣವನ್ನು ನೋಡಿ ಹೇಳಿದ್ದೋ ಕೇವಲ ರೂಢಿಯಿಂದ ಬಂದದ್ದೋ ಎಂಬುದನ್ನು ವಿಚಾರಿಸದೆ ಬಿಡತಕ್ಕದ್ದಲ್ಲ. ಹಲವು ಮೇಳಗಳಲ್ಲಿ ಕಾಲಮಿತಿಯ ಪ್ರಯೋಗವು ಬಂದು, ಬಯಲಾಟವು ನಡುರಾತ್ರಿಯ ಹೊತ್ತಿಗೇ ಮಂಗಳ ಹಾಡುವ ಈ ದಿವಸಗಳಲ್ಲಿ ಪೂರ್ತಿ ರಾತ್ರಿ ಎಚ್ಚರವಾಗಿರುವವರು ಎರಡನೆಯ ಪಂಗಡದವರು ಮಾತ್ರವೇ.

ಹೀಗೆ ಹಗುರವೆಂದು ತಿಳಿದ ವಸ್ತುವನ್ನು ಶಾಸ್ತ್ರದ ತಕ್ಕಡಿಯಲ್ಲಿ ತೂಗುವುದು ಈ ಸೀಮೆಗೆ ಹೊಸತಲ್ಲ. ಕೋಟದ ಶಿವರಾಮ ಕಾರಂತರು ಬಯಲಾಟವನ್ನು ಶೋಧನೆಗೆ ಎತ್ತಿಕೊಂಡು ಬರೆದ ‘ಯಕ್ಷಗಾನ ಬಯಲಾಟ’ವು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು.

ಗಣಕಕ್ರೀಡೆಯನ್ನು ವಿಮರ್ಶಿಸಹೊರಟವನಿಗೆ ಮೊದಲು ಎದುರಾಗುವ ಪೂರ್ವಪಕ್ಷವು ಬಲವಾದುದು. ಇಂದ್ರಾದಿಗಳು ಬ್ರಹ್ಮನನ್ನು ಬೇಡಿದ್ದು ಕಣ್ಣಿಗೂ ಕಿವಿಗೂ ಒದಗುವ ಒಂದು ‘ಕ್ರೀಡನೀಯಕ’ವನ್ನು, ಎಂದರೆ ಒಂದು ಆಟಿಕೆಯನ್ನು, ಎಂದು ನಾಟ್ಯಶಾಸ್ತ್ರದ ಆರಂಭದಲ್ಲಿಯೇ ಇರುವುದು ನಿಜ. ಆದರೆ ನಾಟ್ಯದಲ್ಲಿ ಆಡುವವನು ನಟನು, ಆಸ್ವಾದಿಸುವವನು ಪ್ರೇಕ್ಷಕನು. ಗಣಕಕ್ರೀಡೆಯಲ್ಲಿ ಇಬ್ಬರೂ ಒಬ್ಬನೇ. ಅಭಿನವಗುಪ್ತನು ರಸಾಸ್ವಾದದ ವಿಘ್ನಗಳನ್ನು ಎಣಿಸುವಲ್ಲಿ, ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗುವುದನ್ನೂ ಒಂದು ವಿಘ್ನವೆಂದು ಹೇಳಿದ್ದಾನೆ. ತಾನು ಗೆದ್ದೆನೋ ಸೋತೆನೋ ಎಂಬ ತಳಮಳದಲ್ಲಿರುವ ಕ್ರೀಡಕನಿಗೆ ಈ ವಿಘ್ನವು ಆಗಂತುಕವಲ್ಲ, ಸ್ವಭಾವವೇ ಆಗಿದೆ. ಆದ್ದರಿಂದ ಆಟದಲ್ಲಿ ಹರ್ಷವಿರಬಹುದು, ರಸವಿಲ್ಲ ಎಂದು ಪೂರ್ವಪಕ್ಷ.

ಇದಕ್ಕೆ ಸಮಾಧಾನವು ಗ್ರಂಥಗಳಿಗಿಂತ ಹೆಚ್ಚಾಗಿ ಕೂಟದಲ್ಲಿ ದೊರೆಯುತ್ತದೆ. ತಾಳಮದ್ದಳೆಯಲ್ಲಿ ಪದ್ಯವು ಕವಿಯದು, ಗಾನವು ಭಾಗವತರದು, ಅರ್ಥವು ಮಾತ್ರ ಅರ್ಥಧಾರಿಯದು; ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ವಾಲಿವಧೆಯ ಪ್ರಸಂಗದಲ್ಲಿ ವಾಲಿಯು ಸಾಯತಕ್ಕವನೇ. ಅದನ್ನು ತಪ್ಪಿಸುವ ಅಧಿಕಾರ ಯಾವ ಅರ್ಥಧಾರಿಗೂ ಇಲ್ಲ. ಆದರೆ ಬಾಣ ತಾಗಿ ಬಿದ್ದ ವಾಲಿಯು ರಾಮನನ್ನು ಏನೆಂದು ಕೇಳಬೇಕು, ರಾಮನು ಉತ್ತರವಿಲ್ಲದೆ ತಡವರಿಸುವಂತೆ ಮಾಡಬೇಕೋ ಬೇಡವೋ ಎಂಬುದೆಲ್ಲ ಆ ಕ್ಷಣದಲ್ಲಿ ಹುಟ್ಟುವುದು. ವಾಲಿಯ ಅರ್ಥಧಾರಿಯು ಗೆಲ್ಲಬೇಕೆಂಬ ಹಟದಿಂದಲೇ ಮಾತಾಡುತ್ತಾನೆ. ಸೋಲನ್ನು ಮೊದಲೇ ಒಪ್ಪಿಕೊಂಡೂ ಇರುತ್ತಾನೆ. ಅವನು ಏಕಕಾಲದಲ್ಲಿ ಕ್ರೀಡಕನೂ ನಟನೂ ರಸಿಕನೂ ಆಗಿರುವುದರಿಂದ, ಸ್ವಂತ ಜಯಾಪಜಯಗಳಿಂದ ರಸವು ಕೆಡಲೇಬೇಕೆಂಬ ನಿಯಮವಿಲ್ಲವೆಂದಾಯಿತು. ಇದರಿಂದ ಗಣಕಕ್ರೀಡೆಯ ಪರೀಕ್ಷೆಗೆ ಒಂದು ಒರೆಗಲ್ಲು ಸಿಕ್ಕುತ್ತದೆ: ಕ್ರೀಡೆಯನ್ನು ರಚಿಸಿದವರು ಪ್ರಸಂಗವನ್ನು ಎಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ, ಮತ್ತು ಅರ್ಥವನ್ನು ಎಷ್ಟರ ಮಟ್ಟಿಗೆ ಆಡುವವನಿಗೆ ಬಿಟ್ಟಿದ್ದಾರೆ ಎಂಬುದು. ಚಿತ್ರದ ಸೊಗಸು, ಯಂತ್ರದ ವೇಗ ಇತ್ಯಾದಿಗಳು ವೇಷಭೂಷಣದ ಸ್ಥಾನದಲ್ಲಿರತಕ್ಕವು.

ಪುಣೆಯ ‘ನಾಡಿಂಗ್ ಹೆಡ್ಸ್ ಗೇಮ್ಸ್’ ಎಂಬ ಚಿಕ್ಕ ಮಂಡಲಿಯವರು 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಶಂಟ್ ಎಪಿಕ್’ ಎಂಬ ಕೃತಿಯು ಪೌರಾಣಿಕ ವಸ್ತುವುಳ್ಳದ್ದಾದುದರಿಂದ ಮೊದಲು ವಿಚಾರಾರ್ಹವಾಗಿದೆ. ರಾಜಿ ಎಂಬವಳು ದೊಂಬರಾಟದ ಹುಡುಗಿ. ರಕ್ಷಾಬಂಧನದ ದಿನ ಅಸುರರು ಬಂದು ಅವಳ ತಮ್ಮ ಗೋಲುವನ್ನು ಅಪಹರಿಸುತ್ತಾರೆ. ಅವಳು ದುರ್ಗೆಯಿಂದ ತ್ರಿಶೂಲವನ್ನೂ ವಿಷ್ಣುವಿನಿಂದ ಶಾರ್ಙ್ಗ ಧನುಸ್ಸನ್ನೂ ಪಡೆದು ಮಹಾಬಲಾಸುರನನ್ನು ಅರಸಿ ಹೋಗುತ್ತಾಳೆ. ದೇವಿಯೂ ವಿಷ್ಣುವೂ ಮೇಲಿನಿಂದ ನೋಡುತ್ತ ತಮ್ಮೊಳಗೆ ಸಂವಾದಿಸುತ್ತ ಕಥೆಯನ್ನು ನಡೆಯಿಸುವ ಕ್ರಮವು ಸೂತ್ರಧಾರನ ಕ್ರಮವೇ ಆಗಿದ್ದು, ಬಹಳ ಉಚಿತವಾಗಿದೆ. ಹಿಂದಿನ ವೃತ್ತಾಂತಗಳನ್ನು ತೊಗಲುಗೊಂಬೆಯ ನೆರಳಿನಂತೆ ತೋರಿಸಿರುವುದೂ, ಕೋಟೆಯ ಗೋಡೆಗಳ ಮೇಲಿನ ಚಿತ್ರಗಳ ಬಳಿ ನಿಂತರೆ ಪುರಾಣಕಥೆ ಕೇಳಿಬರುವುದೂ ರಚಿಸಿದವರ ಅಭಿರುಚಿಗೆ ಸಾಕ್ಷಿ. ಮೊದಲು ಹೊರಬಂದ ರೂಪದಲ್ಲಿ ದೇವತೆಗಳ ಸಂವಾದವು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಸಂಸ್ಕೃತ ನಾಟಕಗಳಲ್ಲಿ ದೇವತೆಗಳಿಗೆ ಯಾವ ಭಾಷೆಯೆಂಬ ನಿಯಮವಿದ್ದಿತೆಂಬುದನ್ನು ಇಲ್ಲಿ ನೆನಪಿಸುವುದು ಜಗಳಗಂಟತನವಾದೀತು.

ದೋಷವಿರುವುದು ಅಸುರರಲ್ಲಿ. ಬಡಗುತಿಟ್ಟಿನಲ್ಲಿ ಬಣ್ಣದ ವೇಷವು ತೆರೆಯ ಮರೆಯಲ್ಲಿ ಆರ್ಭಟಿಸಿ, ಕ್ರಮವಾಗಿ ಮುಖವನ್ನು ತೋರಿಸಿ, ಒಡ್ಡೋಲಗದಲ್ಲಿ ತಾನಾರೆಂಬುದನ್ನು ತಾನೇ ಹೇಳಿಕೊಳ್ಳುತ್ತದೆ. ರಾಕ್ಷಸನಿಗೂ ಒಂದು ಮತವಿದೆ, ಒಂದು ಅಸಮಾಧಾನವಿದೆ ಎಂಬುದು ಸಭೆಗೆ ತಿಳಿದ ಮೇಲೆಯೇ ಅವನ ವಧೆಗೆ ಬೆಲೆ. ‘ರಾಜಿ’ಯಲ್ಲಿ ಅಸುರರು ಗುಂಪುಗುಂಪಾಗಿ ನೆಲದಿಂದೇಳುತ್ತಾರೆ, ಹೊಡೆಯುತ್ತಾರೆ, ಸಾಯುತ್ತಾರೆ, ಮಾತಿಲ್ಲ. ಬೈಂದೂರು ತಾಲೂಕಿನ ಕೊಲ್ಲೂರಿನ ಸ್ಥಳಪುರಾಣದಲ್ಲಿಯೂ ಮಾತಿಲ್ಲದ ಅಸುರನೊಬ್ಬನಿದ್ದಾನಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಮೂಕಾಸುರನ ಮೂಕತೆಯು ಕಥೆಯ ಗಂಟೇ ಆಗಿದೆ: ವರ ಬೇಡುವ ಹೊತ್ತಿನಲ್ಲಿ ಅವನ ನಾಲಿಗೆ ಕಟ್ಟಿಹೋಯಿತು, ಆ ಕಾರಣದಿಂದಲೇ ಲೋಕವು ಉಳಿಯಿತು. ‘ರಾಜಿ’ಯ ಅಸುರರ ಮೂಕತೆಗೆ ಕಾರಣವೊಂದೂ ಇಲ್ಲ. ಆಡುವವನಿಗೂ ಅಲ್ಲಿ ಹೊಡೆಯುವುದು, ಹಾರುವುದು, ಚಕ್ರಗಳನ್ನು ತಿರುಗಿಸಿ ಚಿತ್ರ ಕೂಡಿಸುವುದು ಇವಲ್ಲದೆ ಬೇರೆ ವ್ಯಾಪಾರವಿಲ್ಲ. ಪ್ರಸಂಗವು ಸಮೃದ್ಧವಾಗಿದೆ, ಅರ್ಥಕ್ಕೆ ಎಡೆಯಿಲ್ಲ. ಕೊನೆಗೆ ಕಥೆಯು ಭಾಗವತರು ನಡುವೆಯೇ ಜಾಗಟೆ ಕೆಳಗಿಟ್ಟು ಎದ್ದುಹೋದಂತೆ ಮುಗಿಯುತ್ತದೆ.

ಬೆಂಗಳೂರಿನ ‘ಎನ್‌ಕೋರ್ ಗೇಮ್ಸ್’ ಸಂಸ್ಥೆಯ ‘ಫೌಜಿ’ಯು 2021ರ ಜನವರಿ 26ರಂದು ಹೊರಬಂದಿತು. ಇದರ ವಸ್ತು 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಡೆದ, ಭಾರತದ 20 ಮಂದಿ ಯೋಧರು ಪ್ರಾಣವನ್ನರ್ಪಿಸಿದ ಘರ್ಷಣೆ. ಆ ರಾತ್ರಿ ಗುಂಡು ಹಾರಿರಲಿಲ್ಲ. ಕ್ರೀಡೆಯಲ್ಲಿಯೂ ಕೈಕಾಳಗವೇ ಪ್ರಧಾನ. ಇಷ್ಟರ ಮಟ್ಟಿಗೆ ಯಥಾರ್ಥನಿಷ್ಠೆಯುಂಟು. ಆದರೆ ವೀರರಸದ ಸ್ಥಾಯಿಯು ಉತ್ಸಾಹವೇ ಹೊರತು ಕ್ರೋಧವಲ್ಲ. ಕ್ರೋಧವು ರೌದ್ರಕ್ಕೆ ಸಲ್ಲತಕ್ಕದ್ದು. ಮೋಹಗೊಳ್ಳದೆ ಕಾರ್ಯವನ್ನು ನಿಶ್ಚಯಿಸುವುದು ವೀರನ ಲಕ್ಷಣ. ಇಲ್ಲಿ ನಿಶ್ಚಯಿಸತಕ್ಕದ್ದೇ ಇಲ್ಲ. ಶತ್ರುಗಳು ಬರುತ್ತಾರೆ, ಬಡಿಯಬೇಕು. ಮತ್ತೆ ಬರುತ್ತಾರೆ, ಮತ್ತೆ ಬಡಿಯಬೇಕು. ಘಟನೆಗೂ ಕ್ರೀಡೆಗೂ ನಡುವೆ ಎಂಟು ತಿಂಗಳ ಅಂತರವೂ ಇಲ್ಲವಾದುದರಿಂದ ಶೋಕವು ಇನ್ನೂ ಲೌಕಿಕವಾಗಿಯೇ ಇದ್ದಿತು, ಕಾವ್ಯಕ್ಕೆ ಬೇಕಾದ ಪಾಕವನ್ನು ಹೊಂದಿರಲಿಲ್ಲ. ಸಂಚೋದನೆ ಒಳ್ಳೆಯದಿದ್ದರೂ ಕೃತಿಯು ಅವಸರದ್ದು.

ಈ ಅವಸರಕ್ಕೆ ಕಾರಣವೂ ಗೊತ್ತಿರುವುದೇ. ‘ಪಬ್ಜಿ’ ಎಂದು ಹುಡುಗರು ಕರೆಯುತ್ತಿದ್ದ ಕ್ರೀಡೆಯನ್ನು ಕೇಂದ್ರ ಸರಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದರ ಎರಡು ದಿನಗಳಲ್ಲಿ ‘ಫೌಜಿ’ಯ ಘೋಷಣೆಯಾಯಿತು. ದಕ್ಷಿಣ ಕೊರಿಯದ ಕ್ರಾಫ್ಟನ್ ಸಂಸ್ಥೆಯವರು ಅದೇ ಕ್ರೀಡೆಯನ್ನು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ 2021ರ ಜುಲೈಯಲ್ಲಿ ತಂದರು. ಅದು 2022ರ ಜುಲೈಯಲ್ಲಿ ಮರಳಿ ತಡೆಯಲ್ಪಟ್ಟು, 2023ರ ಮೇ ತಿಂಗಳಲ್ಲಿ ಮತ್ತೆ ಬಂದಿತು. ವಿಮಾನದಿಂದ 100 ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಬರಿಗೈಯವರು ಆಯುಧಗಳನ್ನು ಹುಡುಕಿಕೊಳ್ಳುತ್ತಾರೆ. ಸುತ್ತಲಿನ ವಲಯವು ಕಿರಿದಾಗುತ್ತ ಬರುತ್ತದೆ. ಕಡೆಗೆ ಉಳಿದವನು ಅಥವಾ ಉಳಿದ ತಂಡವು ಗೆದ್ದಂತೆ. ಭಾರತಕ್ಕೆ ತಂದಾಗ ರಕ್ತದ ವರ್ಣವನ್ನು ಹಸಿರು ಮಾಡಿದ್ದು ಒಂದು ವಿನೋದ. ರಂಗದ ಮೇಲೆ ವಧೆಯನ್ನು ತೋರಿಸಬಾರದೆಂದ ಲಾಕ್ಷಣಿಕರಿಗೂ ಈ ಉಪಾಯ ಹೊಳೆದಿರಲಿಲ್ಲ.

ವಿದ್ಯಾವಂತರು ಅತ್ಯಂತ ಹೆಚ್ಚಾಗಿ ಹಳಿಯುವುದು ಈ ಕ್ರೀಡೆಯನ್ನೇ. ಆದರೆ ಮೇಲೆ ಹೇಳಿದ ಒರೆಗಲ್ಲಿಗೆ ಹಚ್ಚಿದರೆ ಫಲವು ಬೇರೆಯಾಗುತ್ತದೆ. ಇಲ್ಲಿ ಪ್ರಸಂಗವೆಂಬುದು ಇಲ್ಲವೇ ಇಲ್ಲ. ಅರ್ಥವು ಮಾತ್ರ ಯಥೇಷ್ಟವಾಗಿದೆ. ನಾಲ್ವರ ತಂಡವು ದೂರದೂರ ಕುಳಿತು ಒಬ್ಬರೊಬ್ಬರ ಧ್ವನಿಯನ್ನು ಕೇಳುತ್ತ ಆಡುವಾಗ, ಎಲ್ಲಿ ಇಳಿಯಬೇಕು, ಯಾರನ್ನು ಕಾಯಬೇಕು, ಬಿದ್ದವನನ್ನು ಎತ್ತಲು ಹಿಂದಿರುಗಬೇಕೋ ಬಿಟ್ಟು ಓಡಬೇಕೋ ಎಂಬ ವಿಚಾರವೆಲ್ಲ ಅಲ್ಲಲ್ಲೇ ಹುಟ್ಟುತ್ತದೆ, ಅದೂ ‘ಹ್ವಾಯ್’, ‘ಕಾಣ್’ ಎಂಬ ಅಚ್ಚ ಕುಂದಾಪುರದ ಮಾತಿನಲ್ಲಿ. ಬಿದ್ದ ಗೆಳೆಯನಿಗಾಗಿ ಹಿಂದಿರುಗಿ ತಾನೂ ಬಿದ್ದವನು ಆ ಆಟದಲ್ಲಿ ಸೋತನು. ಆದರೆ ಅವನ ಕೃತ್ಯವನ್ನು ಮರುದಿನ ಕಟ್ಟೆಯ ಮೇಲೆ ಕುಳಿತು ವರ್ಣಿಸುವಾಗ ಅಲ್ಲಿ ಹುಟ್ಟುವ ಮಾತು ಲೌಕಿಕವಾದ ಲಾಭನಷ್ಟಗಳದ್ದಲ್ಲ. ಜೋಡಾಟದಲ್ಲಿ ಎರಡು ಮೇಳಗಳು ಎರಡು ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಆಡಿ ಸ್ಪರ್ಧಿಸುವಾಗಲೂ ಹೀಗೆಯೇ. ದಿಗಿಣಗಳ ಎಣಿಕೆಯಲ್ಲಿ ಪಾತ್ರವು ಮರೆತುಹೋಗುತ್ತದೆಂದು ಪ್ರಾಜ್ಞರು ದೂರುತ್ತಾರೆ. ಸಭೆಯು ಮಾತ್ರ ಕಿಕ್ಕಿರಿದಿರುತ್ತದೆ. ಜೋಡಾಟಕ್ಕೆ ಕಡೆಗೆ ಪ್ರಸಂಗದ ಆಧಾರವಾದರೂ ಇದೆ. ಈ ದ್ವೀಪದ ಯುದ್ಧಕ್ಕೆ ಕಾರಣವಿಲ್ಲ, ಪೂರ್ವವೃತ್ತಾಂತವಿಲ್ಲ, ಫಲಶ್ರುತಿಯಿಲ್ಲ. ಮುಗಿದೊಡನೆ ಮತ್ತೆ ಅದೇ ವಿಮಾನ. ವ್ಯಸನವು ಹುಟ್ಟುವುದು ಇದರಿಂದಲೇ. ಮಂಗಳಪದವಿಲ್ಲದ ಆಟದಿಂದ ಎದ್ದುಹೋಗಲು ಯಾವ ಹೊತ್ತೂ ಸರಿಯಾದ ಹೊತ್ತಾಗುವುದಿಲ್ಲ.

ಮುಂಬಯಿಯ ಗೇಮೇಷನ್ ಸಂಸ್ಥೆಯ ‘ಲೂಡೋ ಕಿಂಗ್’ (2016) 2020ರ ದಿಗ್ಬಂಧನದ ದಿನಗಳಲ್ಲಿ ಮನೆಮನೆಯನ್ನೂ ಹೊಕ್ಕಿತು. ಅದು ಪಗಡೆಯ ಮರಿಮಗು. ದಾಳವನ್ನು ಯಂತ್ರವೇ ಉರುಳಿಸುವುದರಿಂದ ಶಕುನಿಯ ಮೇಲಿನ ಸಂಶಯವೆಲ್ಲ ಯಂತ್ರಕ್ಕೆ ವರ್ಗವಾಗಿದೆ ಎಂಬುದಕ್ಕಿಂತ ಹೆಚ್ಚಾಗಿ ಅದರ ವಿಷಯದಲ್ಲಿ ಹೇಳತಕ್ಕದ್ದಿಲ್ಲ. ನಿರ್ಜೀವ ವಸ್ತುಗಳಿಂದ ಪಣವೊಡ್ಡಿ ಆಡುವುದು ದ್ಯೂತ, ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯ ಎಂದು ಮನುವು ವಿಭಾಗಿಸಿದನು. ಕೋಳಿ ಅಂಕವನ್ನು ಬಲ್ಲ ಸೀಮೆಗೆ ಎರಡನೆಯದನ್ನು ವಿವರಿಸಬೇಕಾಗಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವೊಡ್ಡುವ ಜಾಲಕ್ರೀಡೆಗಳನ್ನು ನಿಷೇಧಿಸಿ, ಸ್ಪರ್ಧೆಯ ಕ್ರೀಡೆಗಳನ್ನೂ ವಿನೋದದ ಕ್ರೀಡೆಗಳನ್ನೂ ಬೇರೆಯಾಗಿ ಇಟ್ಟಿದೆ. ಪಣವನ್ನು ನೋಡಿ ವಿಭಾಗಿಸುವುದು ರಾಜಧರ್ಮಕ್ಕೆ ಸಾಕು, ವಿಮರ್ಶೆಗೆ ಸಾಲದು.

ಪಣವೂ ಇಲ್ಲದೆ ಕಥೆಯೂ ಇಲ್ಲದೆ ರುಚಿಸುವ ಆಟಕ್ಕೆ ಉದಾಹರಣೆಯಾಗಿ ಕರಾವಳಿಯ ಮಳೆಗಾಲದ ಚೆನ್ನೆಮಣೆಯಿದೆ: 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಇದರ ಆಫ್ರಿಕದ ದಾಯಾದಿಯಾದ, 12 ಗುಳಿಗಳೂ 48 ಕಾಯಿಗಳೂ ಉಳ್ಳ ‘ಅವಾರಿ’ಯನ್ನು ಆಂಸ್ಟರ್‌ಡ್ಯಾಮಿನ ಇಬ್ಬರು ವಿದ್ವಾಂಸರು 2002ರಲ್ಲಿ ಗಣಕಯಂತ್ರಗಳಿಂದ ಆಮೂಲಾಗ್ರವಾಗಿ ಪರಿಶೋಧಿಸಿ, 88,906 ಕೋಟಿಗೂ ಮಿಕ್ಕ ಸ್ಥಿತಿಗಳನ್ನು ಲೆಕ್ಕಹಾಕಿ, ಇಬ್ಬರೂ ತಪ್ಪದೆ ಆಡಿದರೆ ಆಟವು ಸಮವೆಂದು ನಿರ್ಣಯಿಸಿದರು. ಈ ನಿರ್ಣಯದಿಂದ ಆಡುವವರಿಗೆ ಏನೂ ಕುಂದಾಗಲಿಲ್ಲ. ವಾಲಿಯು ಸಾಯುವನೆಂದು ತಿಳಿದೂ ಜನರು ಕೂಟಕ್ಕೆ ಹೋಗುತ್ತಾರೆ.

ಕೊನೆಯದಾಗಿ ‘ವೆಣ್ಬಾ’. ಕೆನಡದ ಟೊರಂಟೊ ನಗರದ ‘ವಿಸೈ ಗೇಮ್ಸ್’ ಎಂಬ ಅತಿಚಿಕ್ಕ ಮಂಡಲಿಯವರು 2023ರ ಜುಲೈಯಲ್ಲಿ ಪ್ರಕಟಿಸಿದ ಇದಕ್ಕೆ 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ಪ್ರಥಮಕೃತಿಯ ಪುರಸ್ಕಾರವನ್ನು ಕೊಟ್ಟಿತು. ವೆಣ್ಬಾ ಎಂಬುದು ತಮಿಳಿನ ಒಂದು ಪ್ರಾಚೀನ ಛಂದಸ್ಸಿನ ಹೆಸರು. ಇಲ್ಲಿ ನಾಯಿಕೆಯ ಹೆಸರು. 1980ರ ದಶಕದಲ್ಲಿ ಕೆನಡಕ್ಕೆ ಹೋದ ತಮಿಳು ದಂಪತಿಗಳೂ, ಅಲ್ಲಿ ಹುಟ್ಟಿ ತಾಯಿಯ ಮಾತಿಗೂ ಊಟಕ್ಕೂ ನಾಚುವ ಮಗ ಕವಿನನೂ ಕಥೆಯ ಪಾತ್ರಗಳು. ಆಡುವವನು ಮಾಡತಕ್ಕ ಕೆಲಸವು ಅಡುಗೆ. ವೆಣ್ಬಾಳ ತಾಯಿ ಕೊಟ್ಟ ಪಾಕದ ಪುಸ್ತಕವು ಹರಿದು, ಅಕ್ಷರಗಳು ಅಳಿಸಿಹೋಗಿವೆ. ಇಡ್ಲಿಯ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಆವಿಯು ಮೇಲಿನ ತನಕ ಏರುತ್ತದೆ, ಪುಟ್ಟಿನ ಕೊಳವೆಯಲ್ಲಿ ಹಿಟ್ಟನ್ನೂ ತೆಂಗಿನ ತುರಿಯನ್ನೂ ಯಾವ ಕ್ರಮದಲ್ಲಿ ತುಂಬಬೇಕು ಎಂಬ ಮಾತು ಇದ್ದ ಜಾಗದಲ್ಲಿ ಕಲೆ ಮಾತ್ರ ಉಳಿದಿದೆ. ಉಳಿದ ಪದಗಳಿಂದಲೂ ಪಾತ್ರೆಗಳ ಆಕಾರದಿಂದಲೂ ಲುಪ್ತಪಾಠವನ್ನು ಊಹಿಸಬೇಕು.

ಹುಳು ತಿಂದ ಓಲೆಗರಿಗಳನ್ನು ಮುಂದಿಟ್ಟುಕೊಂಡು ತ್ರುಟಿತವಾದ ಪಾದವನ್ನು ಛಂದಸ್ಸಿನಿಂದಲೂ ಸಂದರ್ಭದಿಂದಲೂ ತುಂಬುವ ಪಂಡಿತರಿಗೆ ಈ ಕೆಲಸದ ಪರಿಚಯ ಹೇಳಬೇಕಾಗಿಲ್ಲ. ಗ್ರಂಥಸಂಪಾದನೆಯೇ ಆಟವಾಗಬಲ್ಲುದೆಂದು ಯಾರೂ ಎಣಿಸಿರಲಿಲ್ಲ, ಇಲ್ಲಿ ಆಗಿದೆ. ಕೈಯಲ್ಲಿರುವ ಪಠ್ಯವು ಮತ್ತೊಬ್ಬರದು, ಅದರ ನಡುವಿನ ಬಿರುಕು ಆಡುವವನದು. ಅರ್ಥಧಾರಿಯ ಸ್ಥಾನವು ಇದೇ. ಮುಂದೆ ಆಡುವವನು ಕವಿನನಾಗುತ್ತಾನೆ. ಆಗ ಕಾಗದವು ಕೆಟ್ಟಿರದಿದ್ದರೂ ಅವನಿಗೆ ತಾಯಿನುಡಿಯ ಅಕ್ಷರಗಳೇ ನೆಟ್ಟಗೆ ಹತ್ತುವುದಿಲ್ಲ. ಇಲ್ಲಿಂದ ಹೋಗಿ ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಯಿಸಿದವರ ಮನೆಗಳಲ್ಲಿ, ಕುಂದಾಪುರದ ಮಾತು ತಿಳಿದು, ಕನ್ನಡ ಓದಲು ಬಾರದ ಮೊಮ್ಮಕ್ಕಳು ಎಷ್ಟೋ ಮಂದಿ. ಅವರಿಗೆ ಈ ಭಾಗದಲ್ಲಿ ಕರುಣವು ಹುಟ್ಟದಿರದು. ಹುಟ್ಟುವುದಾದರೂ ಸೋಲಿನ ಸಂಕಟದಿಂದಲ್ಲ, ಓದಲಾರದೆ ಕೈ ತಡೆದು ನಿಂತ ಆ ಒಂದು ಕ್ಷಣದಿಂದ.

ಕೃತಿಯು ನಿರ್ದುಷ್ಟವೆಂದಲ್ಲ. ಒಂದೆರಡು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಸಂವಾದದ ನಡುವೆ ಉತ್ತರಗಳನ್ನು ಆರಿಸಿಕೊಳ್ಳುವ ಅವಕಾಶವನ್ನು ಕೊಟ್ಟಿದ್ದರೂ, ಯಾವುದನ್ನು ಆರಿಸಿದರೂ ಕಥೆಯ ನಡೆ ಒಂದೇ. ಅಡುಗೆಯಲ್ಲಿ ತಪ್ಪಿದರೆ ಪದಾರ್ಥಗಳು ಮರಳಿ ಮೊದಲಿನಂತಾಗುತ್ತವೆ. ಹೊತ್ತಿಹೋದ ಪಾತ್ರೆಯನ್ನು ತಿಕ್ಕುವ ಶ್ರಮವನ್ನು ರಚಿಸಿದವರು ಆಡುವವನ ಪಾಲಿಗೆ ಬಿಟ್ಟಿಲ್ಲ.